ಮೇಣದ ಬೊಂಬೆಗಳ ನಡುವೆ ಹಾಜರಿ

ನವೆಂಬರ್ 6, ಬುಧವಾರ

ದಿನಚರಿ ಬರೆಯುವ ರೂಢಿ ನನಗಿಲ್ಲ. ಶಾಲೆಗೆಂದು ಪಾಠಯೋಜನೆ ಬರೆದೂ ಬರೆದೂ ಸಾಕಾಗಿ, ಮನೆಗೆ ಬಂದ ಮೇಲೆ ಪೆನ್ನು ಮುಟ್ಟುವ ಮನಸ್ಸೇ ಆಗುತ್ತಿರಲಿಲ್ಲ. ಈಗ ಬಾಯಿಯೇ ಕೈಕೊಟ್ಟಿದೆ. ಯಾರೊಂದಿಗೂ ಮಾತು ಬೇಡವೆನಿಸಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಸೋಮವಾರ ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ಸೋರಿಹೋಯಿತು. ನಿದ್ದೆಗಣ್ಣೆಂದು ಸುಮ್ಮನಾದೆ. ಚಹಾ ಕುಡಿದರೆ ಅದೂ ಸೋರಿ ಸೀರೆಯ ಮೇಲೆ ಬಿತ್ತು. ಅಷ್ಟರಲ್ಲಿ ನಮ್ಮ ಮನೆಯವರು ಗಿಣಿಗೇರಾದಿಂದ ಬಂದರು. ಅಲ್ಲಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಾರೆ. ರಾತ್ರಿ ಪಾಳಿ ಮುಗಿದಿತ್ತು. ನನ್ನ ಮುಖ ನೋಡಿದವರೇ ಊಟದ ಡಬ್ಬಿ ಕೆಳಗಿಟ್ಟರು.

"ಶಿವಲೀಲಾ, ಒಂಚೂರು ನಗು ನೋಡೂಣು."

ನಕ್ಕೆ.

"ಸಾಕು ಸಾಕು, ಬ್ಯಾಡ" ಎಂದವರೇ ಬಿಚ್ಚಿದ ಚಪ್ಪಲಿ ಮತ್ತೆ ಮೆಟ್ಟಿಕೊಂಡು ಆಟೋ ತರಲು ಓಡಿದರು.

ಲಕ್ವಾ ಅಲ್ಲ ಎಂದು ಡಾಕ್ಟರು ಮೊದಲೇ ಹೇಳಿದರು. ಮುಖದ ನರಕ್ಕೆ ಬಾವು ಬಂದಿದೆಯಂತೆ. ಎಡ ಕೆನ್ನೆ, ಎಡಗಣ್ಣು, ತುಟಿಯ ಎಡ ಅರ್ಧ ಏನು ಮಾಡಿದರೂ ಅಲುಗಾಡುವುದಿಲ್ಲ. ಭಾಳ ಮಂದಿಗೆ ವಾಸಿಯಾಗುತ್ತದೆ, ಕೆಲವರಿಗೆ ತಡ, ಇನ್ನು ಕೆಲವರಿಗೆ ಒಂದಿಷ್ಟು ಹಾಗೇ ಉಳಿಯುತ್ತದೆ ಎಂದರು. ಆ ಕೆಲವರು ಎಂದರೆ ಎಷ್ಟು ಮಂದಿ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ.

ಕಣ್ಣು ಮುಚ್ಚುವುದಿಲ್ಲವಾದ್ದರಿಂದ ಹಗಲೆಲ್ಲ ಹನಿ ಹಾಕಿಕೊಳ್ಳಬೇಕು. ಮಲಗುವಾಗ ರೆಪ್ಪೆಗೆ ಪಟ್ಟಿ ಅಂಟಿಸಬೇಕು. ಅಂಟಿಸುವ ಕೆಲಸ ಅವರದು. ಕ್ರೇನ್ ಹಿಡಿಯುವವರು ಮೂರು ಸಲ ಸೊಟ್ಟ ಅಂಟಿಸಿ ಕಿತ್ತರು.

ನವೆಂಬರ್ 10

ಬಚ್ಚಲಿನ ಬಾಗಿಲು ಹಾಕಿಕೊಂಡು ವರ್ಣಮಾಲೆ ಹೇಳಿನೋಡಿದೆ. ಕ ಖ ಗ ಘ ಸರಿಯಾಗಿ ಬರುತ್ತವೆ. ಚ, ಟ, ತ ವರ್ಗಗಳೂ ತೊಂದರೆ ಕೊಡಲಿಲ್ಲ. ಪ ಬಂದಾಗ ಗಾಳಿ ಎಡಗಡೆಯಿಂದ ಪುಸ್ಸೆಂದು ಹೋಯಿತು. ಪ ಫ ಬ ಭ ಮ, ಐದೂ ಹೋಗಿವೆ. ತುಟಿಗೆ ತುಟಿ ತಾಗಿ ಹುಟ್ಟುವವು ಓಷ್ಠ್ಯಗಳು ಎಂದು ಪ್ರತಿ ವರ್ಷ ಎಂಟನೆಯ ತರಗತಿಗೆ ಹೇಳಿಕೊಡುತ್ತೇನೆ. ಬೆರಳಿನಿಂದ ತುಟಿಯ ಅಂಚು ಒತ್ತಿ ಹಿಡಿದರೆ ಮಾತ್ರ ಅರ್ಧಂಬರ್ಧ ಬರುತ್ತವೆ.

ನಮ್ಮ ಮನೆಯವರ ಹೆಸರು ಪಂಪಾಪತಿ. ಹಿಂದಿನ ಕಾಲದ ಹೆಂಗಸರಂತೆ ನಾನೂ ಗಂಡನ ಹೆಸರು ಹೇಳದವಳಾದೆ.

ಕನ್ನಡಿಗೆ ಟವೆಲ್ಲು ಹಾಕಿದ್ದೇನೆ. ಅವರು ಗಡ್ಡ ಹೆರೆಯುವಾಗ ತೆಗೆದು, ಮುಗಿದ ಮೇಲೆ ಏನೂ ಕೇಳದೆ ಮತ್ತೆ ಹಾಕುತ್ತಾರೆ.

ನವೆಂಬರ್ 18, ಸೋಮವಾರ

ರಜೆ ಮುಗಿಯಿತು. ಮಾಸ್ಕ್ ಹಾಕಿಕೊಂಡು ಕೊಪ್ಪಳದಿಂದ ಅಳವಂಡಿ ಬಸ್ಸು ಹತ್ತಿದೆ. ಶಾಲೆಯಲ್ಲಿ ಮುಖ್ಯಗುರುಗಳು ಮುದಿಯಪ್ಪ ಸರ್ ಎದ್ದು ನಿಂತು, "ಬರ್ರಿ ಮೇಡಂ, ಕುಂದರ್ರಿ. ಆರಾಮ ಅದೀರಲ್ಲ?" ಎಂದರು. ನನ್ನ ಹಣೆ ನೋಡಿಕೊಂಡು ಮಾತಾಡಿದರು. ಎಲ್ಲರೂ ಈಗ ನನ್ನ ಹಣೆಯೊಂದಿಗೇ ಮಾತಾಡುತ್ತಾರೆ.

ಹತ್ತನೆಯ ತರಗತಿಯಲ್ಲಿ ಹಸೀಬಾಳನ್ನು ಎಬ್ಬಿಸಿ ಪಾಠ ಓದಿಸಿದೆ. ಅವಳದು ಒಳ್ಳೆ ಗಂಟಲು; ಭಾಷಣ ಸ್ಪರ್ಧೆಗಳಿಗೆ ನಾನೇ ತಯಾರಿ ಮಾಡಿಸಿದವಳು. ಅರ್ಥವನ್ನೆಲ್ಲ ಬೋರ್ಡಿನ ಮೇಲೆ ಬರೆದೆ. ಮಕ್ಕಳು ಬರೆದುಕೊಂಡರು. ಒಂದು ಕೆಮ್ಮೂ ಕೇಳಲಿಲ್ಲ. ಇಷ್ಟು ಗದ್ದಲವಿಲ್ಲದ ತರಗತಿಯನ್ನು ನಾನು ನೋಡಿಲ್ಲ. ಗದ್ದಲ ಮಾಡಬೇಡಿರೆಂದು ಇಷ್ಟು ವರ್ಷ ಯಾಕೆ ಬೈದೆನೋ.

ನವೆಂಬರ್ 28

ಇವತ್ತು ಬಿಡುವಿನ ಹೊತ್ತಿಗೆ ನೀರಿನ ಟ್ಯಾಂಕಿನ ಹಿಂದೆ ಹುಡುಗರು ನಗುವುದು ಕೇಳಿಸಿತು. ಗವಿಸಿದ್ದಪ್ಪನ ಧ್ವನಿ. "ಫುಸ್ತಕ ತಗೀರಿ... ಫದ್ಯಬಾಗ..." ಎನ್ನುತ್ತಿದ್ದ. ಬೆರಳಿನಿಂದ ತುಟಿ ಒತ್ತಿ ಹಿಡಿದಂತೆ ಮಾಡಿದನೋ ಏನೋ, ನಾನು ನೋಡಲು ನಿಲ್ಲಲಿಲ್ಲ. ಅವನ ಮೇಲೆ ಸಿಟ್ಟಿಲ್ಲ. ಹದಿನಾರರ ಹುಡುಗ, ಎಲ್ಲರನ್ನೂ ಅಣಕಿಸುತ್ತಾನೆ. ಮುದಿಯಪ್ಪ ಸರ್ ಕೆಮ್ಮುವುದನ್ನು ಮಾಡಿ ತೋರಿಸಿದಾಗ ನಾನೇ ನಕ್ಕಿದ್ದೆ.

ಮನೆಗೆ ಬಂದು ಮಲಗಿಬಿಟ್ಟೆ. ರೊಟ್ಟಿ ಬಡಿಯಲಿಲ್ಲ. ಅವರು ಅನ್ನಕ್ಕಿಟ್ಟು, ಮೊಸರು ತಂದು, ಬಾಗಿಲ ಹತ್ತಿರ ನಿಂತು, "ಕೊಪ್ಪಳದಾಗ ಆಫೀಸಿಗೆ ಹಾಕಿಸ್ಕೊಂಡ್ರ ಹೆಂಗ? ಅಲ್ಲಿ ಮಾತಾಡೂ ಕೆಲಸ ಇರೂದಿಲ್ಲಲ್ಲ" ಎಂದರು.

ಯೋಚನೆ ಮಾಡುವಂಥದೇನೂ ಇರಲಿಲ್ಲ. ತಲೆ ಆಡಿಸಿದೆ.

ನವೆಂಬರ್ 30, ಶನಿವಾರ

ಶಿಕ್ಷಣ ಕಚೇರಿಗೆ ನಿಯೋಜನೆ ಬೇಕೆಂದು ಅರ್ಜಿ ಕೊಟ್ಟೆ. ಮುದಿಯಪ್ಪ ಸರ್ ಓದಿ ಕನ್ನಡಕ ತೆಗೆದಿಟ್ಟರು.

"ಮಾರ್ಚಿಗೆ ಪರೀಕ್ಷಿ. ಹತ್ತನೇ ಕ್ಲಾಸಿನವ್ರ ಗತಿ ಏನ್ರಿ ಮೇಡಂ?"

ಅರ್ಜಿಯನ್ನು ಅವರ ಕಡೆಗೆ ಇನ್ನಷ್ಟು ಸರಿಸಿದೆ.

"ಇರ್ಲಿ, ಮ್ಯಾಲ ಕಳಸ್ತೀನಿ. ನಿಮಗೂ ಕಷ್ಟ ಐತಿ. ಆದ್ರ ಒಂದು ಮಾತು. ಮೈಸೂರ ಟೂರಿಗೆ ನೀವ ಬರಬೇಕಾಗ್ತೈತಿ. ಇನ್ನೊಬ್ರು ಮೇಡಮ್ಮಾರು ಹೆರಿಗಿ ರಜಾದಾಗ ಅದಾರ. ಹೆಣಮಕ್ಳ ಜೋಡಿ ಲೇಡಿ ಟೀಚರ್ ಇಲ್ಲಂದ್ರ ಹೆಣಮಕ್ಳನ್ನ ಬಿಟ್ಟು ಹೋಗಬೇಕಾಗ್ತೈತಿ."

ಆಗುವುದಿಲ್ಲ ಎಂದು ಕೈ ಆಡಿಸಿದೆ. ಅವರು ಒತ್ತಾಯ ಮಾಡಲಿಲ್ಲ. ಅದೇ ತಪ್ಪಾಯಿತು, ಒತ್ತಾಯ ಮಾಡಿದ್ದರೆ ಜಗಳವಾಡಿ ಮುಗಿಸಬಹುದಿತ್ತು.

ಡಿಸೆಂಬರ್ 5

ಹಸೀಬಾಳ ತಾಯಿ ಬಾಷಾಬಿ ಶಾಲೆಗೆ ಬಂದಿದ್ದಳು. ಊರಲ್ಲಿ ಬಳೆ ಅಂಗಡಿ ಇಟ್ಟವಳು. ಬಂದವಳೇ ನನ್ನೆದುರು ಕುರ್ಚಿ ಎಳೆದುಕೊಂಡು ಕೂತಳು.

"ಟೀಚರ್, ಬಾಯಿ ಸೊಟ್ಟ ಆಗೈತಂತ. ಎಲ್ಲಿ, ತಗೀರಿ ನೋಡೂಣು."

ಇಷ್ಟು ದಿನದಲ್ಲಿ ಹೀಗೆ ಕೇಳಿದವರು ಯಾರೂ ಇಲ್ಲ. ಮೈಯೆಲ್ಲ ಉರಿಯಿತು. ಮಾಸ್ಕ್ ತೆಗೆಯಲಿಲ್ಲ. ಅವಳಿಗೇನೂ ಬೇಜಾರಾಗಲಿಲ್ಲ.

"ನಮ್ಮ ಮಾವಗೂ ಹಿಂಗ ಆಗಿತ್ರಿ. ಛಲೋ ಆದ್ರು. ಒಂಚೂರು ಉಳೀತು, ಹಂಗ ಬೀಡಿ ಸೇದಿಕೋತ ಇಪ್ಪತ್ತು ವರ್ಷ ಇದ್ರು. ಅದಿರ್ಲಿ, ನೀವು ಟೂರಿಗೆ ಬರೂದಿಲ್ಲಂತ?"

"ಇಲ್ಲ."

"ನೀವು ಬಂದ್ರ ನಮ್ಮಕಿನ್ನ ಕಳಸ್ತೀನ್ರಿ. ಇಲ್ಲಂದ್ರ ಆಕಿ ಅಪ್ಪಾ ಒಪ್ಪೂದಿಲ್ಲ. ಎರಡು ದಿವ್ಸ ಆತು, ಹುಡುಗಿ ಉಂಡಿಲ್ಲ. ಹತ್ತನೇತ್ತಾ ಮುಗೀತಂದ್ರ ಮುಂದ ಎಲ್ಲಿ ಹೋಗ್ತಾಳ ಟೀಚರ್, ನೀವ ಹೇಳ್ರಿ."

ಎದ್ದು ಹೋಗುವಾಗ ನನ್ನ ಕೈ ಹಿಡಿದು ಬಳೆಗಳನ್ನು ನೋಡಿ, "ಇವು ಹಳೇವು ಆದ್ವು, ಅಂಗಡಿಗೆ ಬರ್ರಿ" ಎಂದು ಹೋದಳು.

ಸಂಜೆ ಮುದಿಯಪ್ಪ ಸರ್‌ಗೆ ಬರುತ್ತೇನೆಂದು ಹೇಳಿದೆ. ಅವಳ ಬಾಯಿಗೆ ಹೆದರಿ ಒಪ್ಪಿದೆ, ಮತ್ತೇನಲ್ಲ.

ಡಿಸೆಂಬರ್ 20, ಶುಕ್ರವಾರ. ಮೈಸೂರು

ನಿನ್ನೆ ಸಂಜೆ ಹೊರಟೆವು. ಬಸ್ಸಿನಲ್ಲಿ ರಾತ್ರಿಯಿಡೀ ಹಾಡು, ಚುರುಮುರಿ, ವಾಂತಿ. ನನ್ನ ಜೊತೆ ದೈಹಿಕ ಶಿಕ್ಷಕರು ಟಿಪ್ಪುಸಾಬ ಸರ್ ಇದ್ದಾರೆ. ಸೀಟಿ ಊದಿದರೆ ಇಡೀ ಬಸ್ಸು ಸುಮ್ಮನಾಗುತ್ತದೆ. ನಾನು ಕಿಟಕಿಗೆ ತಲೆ ಕೊಟ್ಟು ಕೂತಿದ್ದೆ. ಎಂಟನೆಯ ತರಗತಿಯ ಅಮೃತಾ ನನ್ನ ಭುಜದ ಮೇಲೆ ಮಲಗಿಬಿಟ್ಟಳು.

ಹಗಲು ಅರಮನೆ, ಮೃಗಾಲಯ ಆದವು. ಕಾಲು ಬಿದ್ದುಹೋದವು. ಆದರೆ ಬರೆಯಬೇಕೆಂದು ಕೂತದ್ದು ಸಂಜೆಯದನ್ನು. ಛತ್ರದಲ್ಲಿ ಮಕ್ಕಳು ಮಲಗಿದ್ದಾರೆ. ಜಮಖಾನೆಯ ಮೇಲೆ ಕೂತು ಬರೆಯುತ್ತಿದ್ದೇನೆ.

ಪೇಟೆಯ ಒಂದು ಕಟ್ಟಡದ ಮೇಲಂತಸ್ತಿನಲ್ಲಿ ಮೇಣದ ಬೊಂಬೆಗಳ ಪ್ರದರ್ಶನ. ಸಿನಿಮಾದವರು, ಕ್ರಿಕೆಟ್ಟಿನವರು, ದೊಡ್ಡ ದೊಡ್ಡ ಮನುಷ್ಯರು. ಮಕ್ಕಳು ಊರಲ್ಲೇ ಪಟ್ಟು ಹಿಡಿದು ಸೇರಿಸಿದ್ದ ಜಾಗ. ಒಳಗೆ ಇಕ್ಕಟ್ಟು ಎಂದು ಎರಡು ಗುಂಪು ಮಾಡಿದೆವು. ಟಿಪ್ಪುಸಾಬ ಸರ್ ಮೊದಲ ಗುಂಪಿಗೆ ತೋರಿಸಿ, ಫೋಟೋ ತೆಗೆಯಲು ಇಸಿದುಕೊಂಡ ನನ್ನ ಮೊಬೈಲಿನ ಸಮೇತ ಕೆಳಗಿಳಿದರು. ಉಳಿದ ಹುಡುಗಿಯರು, ಹತ್ತನೆಯ ತರಗತಿಯ ಕೆಲವು ಹುಡುಗರು ನನ್ನ ಜೊತೆ ಹತ್ತಿದರು. ಮುಚ್ಚುವ ಹೊತ್ತಾಗಿತ್ತು, ಬೇರೆ ಯಾರೂ ಇರಲಿಲ್ಲ.

ಕಿಟಕಿಯಿಲ್ಲದ ಉದ್ದನೆಯ ಹಾಲು. ಎರಡೂ ಬದಿಗೆ ಬೊಂಬೆಗಳು, ಒಂದೊಂದರ ಮೇಲೆ ಒಂದೊಂದು ದೀಪ. ಮಕ್ಕಳಿಗೆ ಮೊದಲು ಭಯ, ಆಮೇಲೆ ಖುಷಿ, ಆಮೇಲೆ ತಕರಾರು.

"ಟೀಚರ್, ಈತ ಟೀವಿಯೊಳಗ ಇಷ್ಟು ಗಿಡ್ಡ ಇಲ್ಲರಿ."

"ಇಕಿ ನೋಡ್ರಿ, ಸೀರಿ ಒಂದ ಖರೇ. ಮಾರಿ ಯಾರದೋ ಐತಿ."

ನಾನು ಬೊಂಬೆಗಳ ಬಾಯಿಯನ್ನೇ ನೋಡುತ್ತ ಹೋದೆ. ಎಲ್ಲವೂ ನಗುತ್ತಿದ್ದವು. ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ. ಒಬ್ಬ ನಟಿಯ ಮುಂದೆ ಭಾಳ ಹೊತ್ತು ನಿಂತೆ. ಮೇಣಕ್ಕೆ ಬಣ್ಣ ಬಳಿದು ಮಾಡಿದ ತುಟಿ. ಒಂದಕ್ಕೊಂದು ಎಷ್ಟು ನೆಟ್ಟಗೆ ಕೂಡಿಕೊಂಡಿದ್ದವು. ನನಗೆ ಹೊಟ್ಟೆಕಿಚ್ಚಾಯಿತು. ಇದನ್ನು ಬೇರೆ ಯಾರಿಗೂ ಹೇಳಲಾರೆ.

ಆಗ ಕರೆಂಟು ಹೋಯಿತು.

ಕಣ್ಣು ಮುಚ್ಚಿದ್ದೇವೋ ತೆರೆದಿದ್ದೇವೋ ತಿಳಿಯದಂಥ ಕತ್ತಲು. ಯಾವಳೋ ಒಬ್ಬಳಿಗೆ ಬೊಂಬೆಯ ಕೈ ತಗುಲಿರಬೇಕು, ಚೀರಿದಳು. ಅಷ್ಟೇ ಸಾಕಾಯಿತು. ಎಲ್ಲ ಒಮ್ಮೆಲೇ ಚೀರಿ ಓಡತೊಡಗಿದರು. ಏನೋ ಉರುಳಿಬಿದ್ದ ಸದ್ದು. ಅಮೃತಾ "ಯವ್ವಾ" ಎಂದು ಅಳುತ್ತಿದ್ದಳು. ಹಾಲಿನ ಕೊನೆಗೆ ಬಾಗಿಲಿಲ್ಲ, ನೇರವಾಗಿ ಕಡಿದಾದ ಮೆಟ್ಟಿಲು. ಹತ್ತುವಾಗಲೇ ಎಚ್ಚರ ಹೇಳಿದ್ದೆ. ಈಗ ಹೆಜ್ಜೆಗಳೆಲ್ಲ ಆ ಕಡೆಗೇ ಓಡುತ್ತಿದ್ದವು.

ಕೂಗಿದೆ. ಮಾಸ್ಕ್ ಬೆವರಿಗೆ ಒದ್ದೆಯಾಗಿ ಬಾಯಿಗಂಟಿತ್ತು, ಧ್ವನಿ ಹೊರಗೆ ಬರಲಿಲ್ಲ. ಕಿತ್ತು ಗದ್ದಕ್ಕೆ ಎಳೆದೆ.

"ಎಲ್ಲಾರೂ ಇದ್ದಲ್ಲೇ ಕುಂದರ್ರಿ! ಕುಂದರ್ರಿ! ಯಾರೂ ಏಳಂಗಿಲ್ಲ!"

ಕೂತರು. ನನಗೇ ಆಶ್ಚರ್ಯ. ಕೂತ ಮೇಲೂ ಕೆಲವರ ಬಿಕ್ಕಳಿಕೆ ನಿಲ್ಲಲಿಲ್ಲ. ಕೆಳಗಿನಿಂದ ಯಾರೋ "ಜನರೇಟರ್ ಹಾಕ್ತಾ ಇದೀವಿ, ಅಲ್ಲೇ ಇರಿ" ಎಂದು ಕೂಗಿದರು. ಅಲ್ಲಿಯವರೆಗೆ ಏನು ಮಾಡುವುದು? ಮೆಟ್ಟಿಲ ಹತ್ತಿರ ಯಾರಿದ್ದಾರೋ ಗೊತ್ತಾಗುತ್ತಿಲ್ಲ. ಹಾಜರಿ ತೆಗೆದುಕೊಂಡೆ.

"ಹಾಜರಿ ಹೇಳ್ರಿ" ಎಂದು ಹೆಸರು ಕರೆಯತೊಡಗಿದೆ. ಹಾಜರಿ ಪುಸ್ತಕದ ಸಾಲು ಬಾಯಿಪಾಠ. ಅಮೃತಾಳ ಹೆಸರಿನ ನಡುವೆ ಗಾಳಿ ಸೋರಿತು. ಹಸೀಬಾಳ ಹೆಸರು ಕೊನೆಗೆ ಒಡೆಯಿತು. ಮುರುಕು ಹೆಸರುಗಳೇ. ಆದರೂ ಕತ್ತಲಲ್ಲಿ ಒಂದೊಂದು ಮೂಲೆಯಿಂದ ಒಂದೊಂದು ಸಣ್ಣ ಧ್ವನಿ, "ಎಸ್ ಟೀಚರ್", "ಎಸ್ ಟೀಚರ್" ಎನ್ನುತ್ತ ಬಂತು. ಯಾರೂ ತಪ್ಪು ಹೆಸರಿಗೆ ಓಗೊಡಲಿಲ್ಲ. ಅರ್ಧ ಹೆಸರು ಕರೆಯುವಷ್ಟರಲ್ಲಿ ಅಳು ನಿಂತಿತ್ತು.

ಗವಿಸಿದ್ದಪ್ಪನ ಸದ್ದಿಲ್ಲ. ಮತ್ತೆ ಕರೆದೆ. ಕೊನೆಯ ಅಕ್ಷರ ಬರುತ್ತಲೇ ಇರಲಿಲ್ಲ, ಅದನ್ನು ಬಿಟ್ಟು "ಗವಿಸಿದ್ದಾ! ಎಲ್ಲಿ ಅದೀ?" ಎಂದು ಕೂಗಿದೆ.

"ಇಲ್ಲೆ ಅದೀನ್ರಿ ಟೀಚರ್" ಎಂದ. ಮೆಟ್ಟಿಲ ಕಡೆಯಿಂದ. ಅವನ ಧ್ವನಿ ಅವನದಾಗಿರಲಿಲ್ಲ.

"ಅಲ್ಲೇ ಕುಂದರು. ಹಿಂದಕ್ಕ ಸರೀ. ನಾ ಇಲ್ಲೇ ಅದೀನಿ."

"ಹೂಂರಿ."

ಹಾಜರಿ ಮುಗಿದ ಮೇಲೂ ದೀಪ ಬರಲಿಲ್ಲ. ಮತ್ತೆ ಮೊದಲಿನಿಂದ ಕರೆದೆ. ಮೂರನೆಯ ಸಲ ಕರೆಯುವಾಗ ದೀಪ ಹತ್ತಿತು.

ಒಬ್ಬ ಆಟಗಾರ ಬ್ಯಾಟು ಸಮೇತ ನೆಲದ ಮೇಲೆ ಮಲಗಿದ್ದ. ಹುಡುಗಿಯರು ಎಲ್ಲೆಂದರಲ್ಲಿ ಕುಕ್ಕರಗಾಲಿನಲ್ಲಿದ್ದರು. ಗವಿಸಿದ್ದಪ್ಪ ಮೊದಲ ಮೆಟ್ಟಿಲಿನಿಂದ ಒಂದು ಮಾರು ದೂರ, ಸಿನಿಮಾ ಹೀರೋ ಒಬ್ಬನ ಕಾಲು ಎರಡೂ ಕೈಯಲ್ಲಿ ತಬ್ಬಿ ಕೂತಿದ್ದ. ಕಣ್ಣು ಬಿಗಿಯಾಗಿ ಮುಚ್ಚಿದ್ದ. ದೀಪ ಬಂದದ್ದು ಅವನಿಗಿನ್ನೂ ಗೊತ್ತೇ ಇರಲಿಲ್ಲ.

ಮೊದಲು ಹಸೀಬಾ ನಕ್ಕಳು. ಆಮೇಲೆ ಎಲ್ಲರೂ. ಅವನು ಕಣ್ಣು ಬಿಟ್ಟು, ತಾನು ಹಿಡಿದ ಕಾಲು ನೋಡಿ, ತಾನೂ ನಕ್ಕ. ನಾನೂ ನಕ್ಕೆ. ನಗುತ್ತಿರುವಾಗ, ಮಕ್ಕಳು ಒಬ್ಬೊಬ್ಬರಾಗಿ ನನ್ನ ಕಡೆ ತಿರುಗುವುದು ಕಂಡಿತು. ಮಾಸ್ಕ್ ಗದ್ದದ ಕೆಳಗಿತ್ತು.

ಮೇಲೆಳೆದುಕೊಳ್ಳಲು ಕೈ ಹೋಯಿತು. ಅಷ್ಟರಲ್ಲಿ ಅಮೃತಾ ಬಂದು, "ಟೀಚರ್, ನಿಮ್ಮ ಒಂದ ಕಣ್ಣಾಗ ನೀರು ಬರಾಕತ್ತೈತ್ರಿ" ಎಂದು ತನ್ನ ಕರವಸ್ತ್ರ ಕೊಟ್ಟಳು. ಚುರುಮುರಿಯ ವಾಸನೆ. ಒರೆಸಿಕೊಂಡೆ.

"ನೋಯ್ತೈತೇನ್ರಿ?" ಹಸೀಬಾ ಕೇಳಿದಳು.

"ಇಲ್ಲ. ಅದು ಅಲ್ಲಾಡೂದಿಲ್ಲ, ಅಷ್ಟ."

"ನಮ್ಮವ್ವ ಹೇಳಿದ್ಲರಿ, ನಮ್ಮ ಅಜ್ಜಗೂ ಆಗಿತ್ತಂತ."

"ನನಗೂ ಹೇಳ್ಯಾಳ. ಬೀಡಿ ಸೇದತಿದ್ದಾಂತ."

ಮಕ್ಕಳು ಮತ್ತೆ ನಕ್ಕರು. ಕೆಳಗಿನಿಂದ ಟಿಪ್ಪುಸಾಬ ಸರ್ ಸೀಟಿ ಊದುತ್ತ ಓಡಿ ಬಂದರು. ಬಿದ್ದ ಆಟಗಾರನನ್ನು ಅಲ್ಲಿಯವರೊಂದಿಗೆ ಎತ್ತಿ ನಿಲ್ಲಿಸಿದರು. ಅವನಿಗೇನೂ ಆಗಿರಲಿಲ್ಲ.

ಕಣ್ಣಿಗೆ ಪಟ್ಟಿ ಹಸೀಬಾಳೇ ಅಂಟಿಸಿದಳು, ಒಂದೇ ಸಲಕ್ಕೆ. ಮಲಗಬೇಕು.

ಡಿಸೆಂಬರ್ 21. ಬಸ್ಸಿನಲ್ಲಿ, ಹಿರಿಯೂರು ದಾಟಿ

ಅಕ್ಷರ ಕುಣಿಯುತ್ತಿವೆ, ಆದರೂ ಬರೆಯುತ್ತೇನೆ.

ಬೆಳಿಗ್ಗೆ ಇಡ್ಲಿ ತಿನ್ನುವಾಗ ಹುಡುಗಿಯೊಬ್ಬಳು, "ಟೀಚರ್, ನಿನ್ನೆ ನಮ್ಮ ಹೆಸರು ಹಂಗ್ಯಾಕ ಕರದ್ರಿ?" ಎಂದು ಕೇಳಿದಳು. ಪಕ್ಕದವಳು ಅವಳ ತೊಡೆ ಚಿವುಟಿದಳು. ಹೇಳಿದೆ. ಹೇಳುವಾಗ ಹೇಗೋ ಪಾಠವೇ ಆಯಿತು. ಓಷ್ಠ್ಯ, ದಂತ್ಯ, ತಾಲವ್ಯ ಎಲ್ಲ ಬಂದವು. ಹಳೆಯ ಕವಿಗಳು ಬೇಕೆಂದೇ ತುಟಿ ತಾಗದ ಅಕ್ಷರಗಳಲ್ಲೇ ಪದ್ಯ ಕಟ್ಟುತ್ತಿದ್ದರು, ಅದಕ್ಕೆ ನಿರೋಷ್ಠ್ಯ ಎನ್ನುತ್ತಾರೆ ಎಂದೂ ಹೇಳಿದೆ.

"ಬೇಕಂತ?"

"ಹೂಂ, ಬೇಕಂತ. ಅದೊಂದು ಆಟ."

ಆಟ ಎಂದದ್ದೇ ಸಾಕಾಯಿತು. ಹಗಲೆಲ್ಲ ಊರು ಸುತ್ತಿ, ಸಂಜೆ ಬಸ್ಸು ಹತ್ತಿದ್ದೇ ಶುರುವಾಯಿತು. ಪ ಫ ಬ ಭ ಮ ಇಲ್ಲದೆ ಮಾತಾಡಬೇಕು. ತುಟಿ ತಾಗಿದರೆ ಔಟ್. ತುಟಿ ನೋಡಲು ಎದುರು ಒಬ್ಬರು ಕೂಡಬೇಕು. "ನಾನು ಮೈಸೂರಿಗೆ" ಎಂದು ಹೊರಟವರು ಎರಡನೆಯ ಪದಕ್ಕೇ ಹೋದರು. ಅಮೃತಾ ತನ್ನ ಹೆಸರು ಹೇಳಿ ಔಟ್. ಹಸೀಬಾಳೂ ಹಾಗೆಯೇ. ಗವಿಸಿದ್ದಪ್ಪ ನಿನ್ನೆಯ ಹಾಗೆ "ಗವಿಸಿದ್ದಾ" ಎಂದು ಹೇಳಿ ಉಳಿದುಕೊಂಡ. ಟಿಪ್ಪುಸಾಬ ಸರ್‌ಗೆ ಸಿಟ್ಟು ಬಂತು.

"ಏ, ನನ್ನ ಹೆಸರಿನ್ಯಾಗ ಎರಡು ಬರ್ತಾವ. ಇದ್ಯಾವ ನ್ಯಾಯ?"

"ಸರ್, ನೀವು ಔಟ್ ರೀ. 'ಬರ್ತಾವ' ಅಂದ್ರಿ."

ಊರುಗಳ ಸರದಿ ಬಂತು. ಕುಕನೂರು ನಡೆಯುತ್ತದೆ, ಕುಷ್ಟಗಿ ನಡೆಯುತ್ತದೆ, ಗಂಗಾವತಿಯೂ ಸರಿ. ಯಲಬುರ್ಗಾ ಔಟ್. ಕೊಪ್ಪಳವಂತೂ ಔಟೇ ಔಟ್. "ಹಂಗಾದ್ರ ಅಳವಂಡಿಗೆ ಹೋಗಬಹುದು, ಕೊಪ್ಪಳಕ್ಕ ಹೋಗಾಕ ಬರೂದಿಲ್ಲ" ಎಂದು ಹಿಂದಿನ ಸೀಟಿನವರು ಕೂಗಿದರು. ಡ್ರೈವರು ತಿರುಗದೆಯೇ, "ದಾವಣಗೆರೆಗೆ ಹೋಗಲಾ?" ಎಂದ. ಅವನಿಗೆ ಚಪ್ಪಾಳೆ.

ಹಸೀಬಾ ಮತ್ತೊಮ್ಮೆ ಎದ್ದು ನಿಂತು, ಸ್ಪರ್ಧೆಯಲ್ಲಿ ನಿಂತಂತೆ ಕೈ ಮುಗಿದು, "ಎಲ್ಲ ಹಿರಿಯರಿಗೆ, ಗುರುಗಳಿಗೆ, ಗೆಳತಿಯರಿಗೆ ಶರಣು. ಇಂದಿನ ವಿಷಯ ಪರಿಸ..." ಎಂದು ಬಾಯಿ ಮುಚ್ಚಿಕೊಂಡಳು. ಬಸ್ಸು ಅದುರುವಂತೆ ಗದ್ದಲ.

ಆಮೇಲೆ ನನ್ನನ್ನು ಎಬ್ಬಿಸಿದರು. ಸೀಟಿನ ಕಂಬಿ ಹಿಡಿದು ನಿಂತೆ. ಏನೇನೋ ಹೇಳಿದೆ, ನಾನು ಚಿಕ್ಕವಳಿದ್ದಾಗಿನ ಒಂದು ಎತ್ತಿನ ಕಥೆ. ಒಂದು ತಿಂಗಳಿಂದ ಯಾವ ಪದ ಬಿಟ್ಟು ಯಾವುದು ಹೇಳಬೇಕೆಂದು ಒಳಗೇ ಹುಡುಕಿ ಹುಡುಕಿ ರೂಢಿಯಾಗಿಬಿಟ್ಟಿದೆ. ಅವರು ಔಟ್ ಮಾಡಲು ಕಾದರು, ಕಾದರು, ಆಗಲಿಲ್ಲ. ಕೊನೆಗೆ ಟಿಪ್ಪುಸಾಬ ಸರ್ ಸೀಟಿ ಊದಿ ಆಟ ನಿಲ್ಲಿಸಿದರು. ಚಿತ್ರದುರ್ಗ ಬರುತ್ತಿದೆ. ಈ ಹುಡುಗರು ರಾತ್ರಿ ಊಟಕ್ಕೆ ಇಳಿಯುವುದನ್ನೂ ಮರೆತಾರು.

ಡಿಸೆಂಬರ್ 22, ಭಾನುವಾರ

ನಸುಕಿನಲ್ಲಿ ಬಸ್ ಸ್ಟ್ಯಾಂಡಿಗೆ ಅವರು ಬಂದಿದ್ದರು. ಮನೆಗೆ ಬಂದು ಚಹಾ ಮಾಡಿಕೊಟ್ಟು ಎಲ್ಲ ಹೇಳುತ್ತ ಕೂತೆ. ಬೊಂಬೆ, ಕತ್ತಲು, ಆ ಹುಡುಗ ಕಾಲು ತಬ್ಬಿದ್ದು, ಬಸ್ಸಿನ ಆಟ. ಎತ್ತಿನ ಕಥೆ ಹೇಳುವಷ್ಟರಲ್ಲಿ ನೋಡಿದರೆ ಗೋಡೆಗೊರಗಿ ನಿದ್ದೆ ಹೋಗಿದ್ದರು. ರಾತ್ರಿ ಪಾಳಿ ಮಾಡಿ ಬಂದವರು, ನಿಜ. ಆದರೂ ಸಿಟ್ಟು ಬಂತು. ಒಬ್ಬರು ಇಷ್ಟು ಹೊತ್ತು ಮಾತಾಡುವಾಗ ಹೀಗಾ ಮಲಗುವುದು?

ಜನವರಿ 3

ಗವಿಸಿದ್ದಪ್ಪ ಇವತ್ತು ಸ್ಟಾಫ್ ರೂಮಿನ ಬಾಗಿಲಿಗೆ ಬಂದು, ಜೇಬಿನಿಂದ ಒಂದು ಹಿಡಿ ಫುಗ್ಗಾ ತೆಗೆದು ಮೇಜಿನ ಮೇಲಿಟ್ಟ. ಬಲೂನು ಊದಿದರೆ ಕೆನ್ನೆಗೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದನ್ನು ನಾನು ಬಸ್ಸಿನಲ್ಲಿ ಹೇಳಿದ್ದೆನಂತೆ.

"ಊದ್ರಿ ಟೀಚರ್."

"ಈಗ ಬ್ಯಾಡ, ಹೋಗು."

"ಒಂದ."

ಊದಿದೆ. ಅರ್ಧ ಉಬ್ಬಿತು. ಕೈಜಾರಿ ಪುರ್ರೆಂದು ಹಾರಿ ಮುದಿಯಪ್ಪ ಸರ್ ಬರೆಯುತ್ತಿದ್ದ ಹಾಳೆಯ ಮೇಲೆ ಬಿತ್ತು. ಅವರು ಕೆಮ್ಮಿದರು. ಗವಿಸಿದ್ದಪ್ಪ ಬಾಗಿಲ ಹೊರಗೆ ಹೋಗಿ ಅದೇ ಕೆಮ್ಮು ಕೆಮ್ಮಿದ. ಅವನು ಸುಧಾರಿಸುವುದಿಲ್ಲ.

ಜನವರಿ 10, ಶುಕ್ರವಾರ

ಎಡಗಣ್ಣು ಮುಚ್ಚುತ್ತಿದೆ, ಪೂರ್ತಿಯಲ್ಲ. ಬಾಯಿ ಹಾಗೇ ಇದೆ.

ಹತ್ತನೆಯ ತರಗತಿಯವರಿಗೆ ಸಮಾಸ ತಲೆಗೆ ಹೋಗಿಲ್ಲ. ತತ್ಪುರುಷಕ್ಕೂ ಕರ್ಮಧಾರಯಕ್ಕೂ ಒಂದೇ ಉದಾಹರಣೆ ಬರೆದಿದ್ದಾರೆ. ಹಸೀಬಾ ಕೂಡ! ನಾಳೆ ಮೊದಲ ಅವಧಿಯಲ್ಲೇ ಹಿಡಿಯಬೇಕು. ಬೋರ್ಡಿಗೆ ಬರೆದು ಮುಗಿಸುವಂಥದಲ್ಲ ಇದು. ಬಾಯಿಯಲ್ಲಿ ಹೇಳಿ, ಹೇಳಿಸಿ, ಮತ್ತೆ ಹೇಳಿಸಬೇಕು.

ಜನವರಿ 16, ಗುರುವಾರ

ಮುದಿಯಪ್ಪ ಸರ್ ಕರೆದರು. ಮೇಜಿನ ಮೇಲೆ ನನ್ನ ನಿಯೋಜನೆಯ ಆದೇಶ.

"ಬಂತು ನೋಡ್ರಿ. ಸೋಮವಾರ ಅಲ್ಲಿ ಹಾಜರಾಗಬೇಕಂತ."

"ಸೋಮವಾರ ಆಗೂದಿಲ್ರಿ ಸರ್. ಛಂದಸ್ಸು ಐತಿ."

"ಮಂಗಳವಾರ?"

"ಛಂದಸ್ಸು ಒಂದ ದಿನಕ್ಕ ಮುಗೀತೈತೇನ್ರಿ?"

ಅವರು ಕನ್ನಡಕ ತೆಗೆದರು. "ಮೇಡಂ, ಖರೇ ಹೇಳ್ರಿ. ಬ್ಯಾಡ ಅಂತೀರೇನು? ಬ್ಯಾಡ ಅಂದ್ರ ಆ ಜಾಗಾ ಬ್ಯಾರೇದವ್ರಿಗೆ ಹೋಗ್ತೈತಿ. ಮತ್ತ ಕೇಳಿದ್ರೂ ಸಿಗೂದಿಲ್ಲ."

"ಹೋಗ್ಲಿ ಬಿಡ್ರಿ."

"ನಿಮ್ಮ ಮನಿಯವ್ರು ಏನಂತಾರೋ?"

"ಅವ್ರಿಗೆ ನಾ ಹೇಳ್ತೀನಿ."

ಒಲ್ಲೆನೆಂದು ಬರೆದುಕೊಟ್ಟೆ. ಅವರು ಸಹಿ ಮಾಡುತ್ತ, "ಎಷ್ಟು ಓಡಾಡಿ ಮಾಡಿಸಿದ್ದೆ" ಎಂದು ಗೊಣಗಿದರು. ಆದರೆ ಚಹಾ ತರಿಸಿದರು, ಜೊತೆಗೆ ಮಿರ್ಚಿಭಜಿ. ಶಾಲೆಯ ಅವಧಿಯಲ್ಲಿ ಮಿರ್ಚಿಭಜಿ ತರಿಸಿದ್ದನ್ನು ನಾನು ಕಂಡಿದ್ದು ಇದೇ ಮೊದಲು.

ಸಂಜೆ ಮನೆಯವರಿಗೆ ಹೇಳಿದೆ. "ಮತ್ತ ಯಾರಾರ ಅಣಕಿಸಿದ್ರ?" ಎಂದು ಕೇಳಿದರು. ಅಣಕಿಸಿದ್ದನ್ನು ನಾನು ಅವರಿಗೆ ಹೇಳಿಯೇ ಇರಲಿಲ್ಲ. ಹೇಗೆ ಗೊತ್ತಾಯಿತೋ.

"ಅಣಕಿಸ್ತಾರ. ಮಕ್ಳು" ಎಂದೆ.

ಜನವರಿ 29

ಹಳಗನ್ನಡ ಪದ್ಯ, ಪ್ರಬಂಧ, ಪತ್ರಲೇಖನ. ಸಂಜೆ ವಿಶೇಷ ತರಗತಿ. ಕಡೆಯ ಬಸ್ಸು ತಪ್ಪಿ ಟಿಪ್ಪುಸಾಬ ಸರ್ ಸ್ಕೂಟರಿನ ಹಿಂದೆ ಬಂದೆ. ಬರೆಯಲು ಪುರುಸೊತ್ತಿಲ್ಲ.

ಫೆಬ್ರವರಿ 11

ಛಂದಸ್ಸು ಮುಗಿಯಿತು. ಅಮೃತಾಳ ತರಗತಿಯವರು ವ್ಯಾಕರಣದಲ್ಲಿ ಹತ್ತನೆಯವರಿಗಿಂತ ಜಾಣರು.

ಫೆಬ್ರವರಿ 22, ಶನಿವಾರ

ಹತ್ತನೆಯ ತರಗತಿಯವರ ಬೀಳ್ಕೊಡುಗೆ ಆಯಿತು.

ನಿರೂಪಣೆ ಯಾರದೆಂದು ಮೊನ್ನೆ ಕೇಳಿದಾಗ, "ಯಾರದಂದ್ರ? ನಂದ" ಎಂದಿದ್ದೆ. ಇಷ್ಟು ವರ್ಷ ಯಾರು ಮಾಡಿದ್ದಾರೆ? ಮೈಕು ಕೆಟ್ಟದ್ದು, ಊದಿದರೆ ಸಾಕು ಕಿರುಚುತ್ತಿತ್ತು. ನನ್ನ ಫಕಾರಗಳಿಗೆ ಅದು ಇನ್ನೂ ಕಿರುಚಿತು. ಮುದಿಯಪ್ಪ ಸರ್ ಹೆಸರು ಕರೆದಾಗ ಎರಡು ಸಲ ಕಿರುಚಿತು, ಮಕ್ಕಳು ಹೋ ಎಂದರು.

ಹಸೀಬಾ ಬರೆದುಕೊಂಡು ಬಂದಿದ್ದ ಭಾಷಣ ನಾಲ್ಕು ಸಾಲಿಗೇ ನಿಂತಿತು. ಸ್ಪರ್ಧೆಯಲ್ಲಿ ಜಿಲ್ಲೆಗೆ ಎರಡನೆಯವಳಾಗಿ ಬಂದ ಹುಡುಗಿ, ಇಲ್ಲಿ ತನ್ನವರ ಮುಂದೆ ನಿಂತು ಒಂದು ಮಾತೂ ಆಡಲಾರದೆ ಅತ್ತುಬಿಟ್ಟಳು. ಹೋಗಿ ಪಕ್ಕದಲ್ಲಿ ನಿಂತೆ. ಅವಳ ಹಾಳೆ ಇಸಿದುಕೊಂಡು ಉಳಿದದ್ದನ್ನು ನಾನೇ ಓದಿದೆ. ಪ್ರೀತಿ, ಬಳಗ, ಭವಿಷ್ಯ, ಮರೆಯಲಾರೆವು — ಎಲ್ಲ ತುಟಿಯವೇ. ಬಂದಂತೆ ಓದಿದೆ. ಬಾಷಾಬಿ ಹಿಂದಿನ ಸಾಲಿನಲ್ಲಿ ಕೂತು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಆಮೇಲೆ ಬಂದು, ಜುಲೈಗೆ ಹಸೀಬಾಳನ್ನು ಕೊಪ್ಪಳದ ಕಾಲೇಜಿಗೆ ಹಾಕುತ್ತೇವೆ, ಅವಳಪ್ಪ ಒಪ್ಪಿದ್ದಾರೆ ಎಂದಳು. "ನಿಮ್ಮ ಮನಿ ಹತ್ರ ರೂಮು ಸಿಗ್ತೈತೇನ್ರಿ?" ಎಂದೂ ಕೇಳಿದಳು. ನೋಡೋಣ ಎಂದೆ. ನಮ್ಮ ಓಣಿಯಲ್ಲೇ ಹುಡುಗಿಯರ ಹಾಸ್ಟೆಲ್ಲಿದೆ, ಸೋಮವಾರ ವಿಚಾರಿಸಬೇಕು.

ಮಧ್ಯಾಹ್ನ ಗ್ರೂಪ್ ಫೋಟೋ. ಸ್ಟುಡಿಯೋದವನು ಕೊಪ್ಪಳದಿಂದ ತಡವಾಗಿ ಬಂದ. ಅಂಗಳದಲ್ಲಿ ನೆರಳಿಲ್ಲ, ಬೆಂಚು ಕಾದಿದ್ದವು. ಮಕ್ಕಳನ್ನು ಗಿಡ್ಡರು, ಉದ್ದರು ಎಂದು ನಿಲ್ಲಿಸುವಷ್ಟರಲ್ಲಿ ಅರ್ಧ ತಾಸು. ಹುಡುಗಿಯರು ಹೊಸ ಸೀರೆಗಳಲ್ಲಿ ಬೆವೆತುಹೋಗಿದ್ದರು. ಮುಂದಿನ ಸಾಲಿನ ನಡುವೆ ನನ್ನ ಕುರ್ಚಿ. ಅವನು ಕ್ಯಾಮೆರಾದಲ್ಲಿ ನೋಡಿದ, ತಲೆ ಎತ್ತಿದ, ಮತ್ತೆ ನೋಡಿದ. ಹತ್ತಿರ ಬಂದು ಸಣ್ಣ ಧ್ವನಿಯಲ್ಲಿ, "ಮೇಡಮ್ಮಾರ, ಮಾರಿ ಸ್ವಲ್ಪ ಈ ಕಡೆ ತಿರುಗಿಸ್ರಿ. ಬಲಗಡೆ ಛಲೋ ಬರ್ತೈತಿ" ಎಂದ. ನನ್ನ ಗದ್ದ ಹಿಡಿಯಲು ಕೈಯನ್ನೂ ಚಾಚಿದ್ದ.

ಎಷ್ಟು ಹೊತ್ತು ಇವನ ನಾಜೂಕು? ಹಿಂದೆ ಬೆಂಚಿನ ಮೇಲೆ ನಿಂತವರು ಆಗಲೇ ಓಲಾಡುತ್ತಿದ್ದರು.

"ಇದ್ದಂಗ ತಗಿ ಮಾರಾಯಾ," ಎಂದೆ. "ಮಕ್ಳು ಬಿಸಿಲಾಗ ನಿಂತಾರ."